ನೀರಿಗೆ ಮೋರಿ ಇದೆ, ಕಡವೆಗೆ?

2025ರ ಜುಲೈ 14ರವರೆಗೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳಿಗೆ ರಾತ್ರಿಯೆಂಬುದು ಲಾಂಚಿನ ಜೊತೆ ಬರುತ್ತಿತ್ತು. ಅಂಬಾರಗೋಡ್ಲಿನಿಂದ ಹೊರಟ ಸಂಜೆಯ ಕೊನೆಯ ಲಾಂಚು ಶರಾವತಿಯ ಹಿನ್ನೀರು ದಾಟಿ ಕಳಸವಳ್ಳಿಯ ದಡ ಮುಟ್ಟಿತೆಂದರೆ ಆ ಕಡೆಯ ರಸ್ತೆಗಳಲ್ಲಿ ಹೊರಗಿನ ಗಾಡಿ ಕಾಣುವುದು ಅಪರೂಪವಾಗಿತ್ತು. ಆ ದಡದ ತುಮರಿ ಸುತ್ತಲಿನವರಿಗೆ ಅದು ಅರವತ್ತು ವರ್ಷಗಳ ಶಿಕ್ಷೆ. ಹೆರಿಗೆ ನೋವು ಬಂದವಳನ್ನೋ ಹಾವು ಕಡಿದವನನ್ನೋ ಕರೆದುಕೊಂಡು ದಡದಲ್ಲಿ ನಿಂತವರ ಪಾಡು ಅವರಿಗೇ ಗೊತ್ತು. ಎರಡು ಕಿಲೋಮೀಟರ್ ಮೀರಿದ, ಸುಮಾರು 473 ಕೋಟಿ ರೂಪಾಯಿಯ ಸಿಗಂದೂರು ಸೇತುವೆ ಅವತ್ತು ಉದ್ಘಾಟನೆಯಾದಾಗ ಅದನ್ನು ನೋಡಿ ಕಣ್ಣೀರು ಹಾಕಿದವರಿದ್ದರೆ ಆಶ್ಚರ್ಯವಿಲ್ಲ. ಸೇತುವೆ ಬೇಡವಿತ್ತು ಎನ್ನುವವರು ಹಿನ್ನೀರಿನ ದಡದಲ್ಲಿ ಒಂದು ರಾತ್ರಿ ರೋಗಿಯ ಜೊತೆ ಕಳೆದು ಬಂದು ಮಾತಾಡಲಿ.

ಆದರೆ ಆ ಲಾಂಚಿಗೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಕೆಲಸವಿತ್ತು. ಅದು ಗೇಟಿನಂತೆ ಮುಚ್ಚಿಕೊಳ್ಳುತ್ತಿದ್ದುದರಿಂದ ಶರಾವತಿ ಸಿಂಗಳೀಕ ಅಭಯಾರಣ್ಯದ ಸೆರಗಿನ ರಸ್ತೆಗಳು ಕತ್ತಲಾದ ಮೇಲೆ ಕಡವೆ, ಕಾಟಿ, ಕಾಡುಕುರಿಗಳ ಪಾಲಿಗೆ ಬಿಟ್ಟುಹೋಗುತ್ತಿದ್ದವು. ಈಗ ಗೇಟು ತೆರೆದಿದೆ. ಇದು ಸಾಗರದ ಒಂದು ಮೂಲೆಯ ಕತೆ ಮಾತ್ರವಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿ, ಸಾಗರದ ಮೂಲಕ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿ, ಆನಂದಪುರದಿಂದ ಹೊಸನಗರ, ನಗರ ಹಾದು ಕೊಲ್ಲೂರಿನತ್ತ ಸಾಗುವ ಹೆದ್ದಾರಿ, ಎಲ್ಲವುಗಳ ಮೇಲೂ ರಾತ್ರಿಯ ಓಡಾಟ ಏರುತ್ತಲೇ ಇದೆ. ಕೆಳದಿ ಅರಸರ ಮೂರು ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರುಗಳ ನಡುವೆ ಹಿಂದೆ ಎತ್ತಿನಗಾಡಿ ದಿನಗಟ್ಟಲೆ ತೆವಳಿದ ದಾರಿಯನ್ನು ಕಾರು ಈಗ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ.

ಮಲೆನಾಡಿನವರು ಈ ಪ್ರಾಣಿಗಳನ್ನೆಲ್ಲ ‘ಜಿಂಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಆನಂದಪುರ, ಚೋರಡಿ, ಕುಂಸಿ, ಶೆಟ್ಟಿಹಳ್ಳಿಯ ಕಡೆಯ ಎಲೆ ಉದುರುವ ಕಾಡಿನಲ್ಲಿ ಹಿಂಡು ಕಟ್ಟಿಕೊಂಡು ತಿರುಗುವುದು ಚುಕ್ಕೆಗಳ ಸಾರಗ. ಪಶ್ಚಿಮಕ್ಕೆ ಸರಿದು ಹೊಸನಗರ, ತೀರ್ಥಹಳ್ಳಿಯ ಮಳೆಕಾಡಿಗೆ ಬಂದರೆ ಅದು ಅಪರೂಪವಾಗಿ, ಕಂದು ಮೈಯ ಕಡವೆ ಮುಂದಾಗುತ್ತದೆ. ಕಡವೆ ಹಗಲೆಲ್ಲ ಹಳುವಿನಲ್ಲಿ ಮಲಗಿ ಕತ್ತಲಾದ ಮೇಲೆ ನೀರಿಗೂ ಮೇವಿಗೂ ಹೊರಡುವ ಪ್ರಾಣಿ. ನಾಯಿಯಂತೆ ಬೊಗಳಿ ಹೊಸಬರನ್ನು ಬೆಚ್ಚಿಬೀಳಿಸುವುದು ಕಾಡುಕುರಿ. ಇನ್ನು ಬರಿಂಕವೋ ಮೊಲದಷ್ಟೇ ಗಾತ್ರದ್ದು, ಕೊಂಬೇ ಇಲ್ಲ, ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಅದು ನಿಜವಾದ ಜಿಂಕೆಯೂ ಅಲ್ಲ. ಲಾರಿಯ ಚಕ್ರಕ್ಕೆ ಬರಿಂಕ ಸಿಕ್ಕರೆ ಚಾಲಕನಿಗೆ ಸಣ್ಣ ಗುಂಡಿ ಹಾರಿಸಿದಷ್ಟೂ ಗೊತ್ತಾಗುವುದಿಲ್ಲ.

ಇವು ರಸ್ತೆಗೆ ಯಾಕೆ ಬರುತ್ತವೆ? ‘ಕಾಡಿನಲ್ಲಿ ಮೇವಿಲ್ಲ’ ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಅದು ಅರ್ಧ ಸತ್ಯ. ಉಳಿದರ್ಧ ನೆಲದ ಚರಿತ್ರೆಯಲ್ಲಿದೆ. ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಹೊಸನಗರದ ಸುತ್ತ ಮಾಣಿ, ಚಕ್ರಾ, ಸಾವೆಹಕ್ಲು ಹೀಗೆ ಒಂದರ ಹಿಂದೊಂದು ಜಲಾಶಯಗಳು ತುಂಬಿದಾಗ ಮುಳುಗಿದ್ದು ಕಣಿವೆಯ ತಳ. ಗದ್ದೆ, ಹುಲ್ಲು, ಹಳ್ಳದಂಚು, ಅಂದರೆ ಮನುಷ್ಯನಿಗೂ ಕಡವೆಗೂ ಅತ್ಯಂತ ಬೇಕಾದ ಜಾಗ. ಮುಳುಗಡೆಯಾದವರನ್ನು ಶೆಟ್ಟಿಹಳ್ಳಿಯ ಕಾಡಿನವರೆಗೂ ಒಯ್ದು ನೆಲೆಗೊಳಿಸಲಾಯಿತು. 1974ರಲ್ಲಿ ಅದೇ ಕಾಡು ಅಭಯಾರಣ್ಯವೆಂದು ಘೋಷಣೆಯಾಯಿತು. ಜನ ಮೇಲೆ ಹತ್ತಿದರು, ಪ್ರಾಣಿಯೂ ಮೇಲೆ ಹತ್ತಿತು, ಹೊಸ ರಸ್ತೆಯೂ ಮೇಲೆಯೇ ಬಂತು. ಹಿನ್ನೀರಿಗೂ ಗುಡ್ಡದ ನೆತ್ತಿಗೂ ನಡುವೆ ಉಳಿದ ಪಟ್ಟಿಯಲ್ಲಿ ಮೂವರಿಗೂ ಜಾಗ ಆಗಬೇಕಾಯಿತು.

ಆಮೇಲೆ ಬ್ಯಾಣದ ಸರದಿ. ಸಾಗರ, ಹೊಸನಗರದ ಕಡೆ ತೋಟಕ್ಕೆ ಸೊಪ್ಪಿನಬೆಟ್ಟ ಇದ್ದಂತೆ ಕೊಟ್ಟಿಗೆಗೆ ಬ್ಯಾಣ ಇರುತ್ತಿತ್ತು. ವರ್ಷವೂ ದನ ಮೇಯ್ದು, ಕರಡ ಕೊಯ್ದು ಅಂದವಾಗಿದ್ದ ಹುಲ್ಲುಗಾವಲು ಅದು. ಹಗಲು ದನ, ರಾತ್ರಿ ಕಡವೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದಂತೆ ಬ್ಯಾಣಕ್ಕೆ ಲಂಟಾನ, ಯುಪಟೋರಿಯಂ ನುಗ್ಗಿದವು. ಕೆಲವು ಅಡಿಕೆ ತೋಟವಾದವು, ಕೆಲವು ರಬ್ಬರ್. ಅತ್ತ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ ಸಾವಿರಾರು ಹೆಕ್ಟೇರಿನಲ್ಲಿ ನೀಲಗಿರಿ, ಅಕೇಶಿಯಾ ಎದ್ದವು. ಕಾರ್ಖಾನೆ ನಿಂತುಹೋಯಿತು, ಅಕೇಶಿಯಾ ನಿಂತಿದೆ. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನಲ್ಲಿ ಜನ ಚಳವಳಿಯನ್ನೇ ಮಾಡಿದ್ದಾರೆ. ಆ ಮರದ ಬುಡದಲ್ಲಿ ಉದುರಿದ ಎಲೆಯ ಹಾಸು ಬಿಟ್ಟರೆ ಬಾಯಿಗಿಡುವಂಥದ್ದು ಸಿಗುವುದು ಕಷ್ಟ.

ಹುಲ್ಲು ಎಲ್ಲಿ ಉಳಿಯಿತು? ರಸ್ತೆಯ ಬದಿಯಲ್ಲಿ.

ಇದು ಯಾರೂ ಬಯಸಿ ಮಾಡಿದ್ದಲ್ಲ. ಅಗಲೀಕರಣಕ್ಕೆಂದು ಮರ ಕಡಿದಾಗ ಬಿಸಿಲು ನೆಲ ಮುಟ್ಟುತ್ತದೆ, ಮೊದಲ ಮಳೆಗೆ ಹಸಿರು ಚಿಗುರುತ್ತದೆ. ತಿರುವು ಕಾಣಲೆಂದು ಇಲಾಖೆಯವರು ಆಗಾಗ ಬದಿ ಸವರಿಸುವುದರಿಂದ ಎಳೆ ಹುಲ್ಲು ಮತ್ತೆ ಮತ್ತೆ ಬರುತ್ತದೆ. ಸಾರಗದ ಹಿಂಡಿಗೆ ಇನ್ನೊಂದು ಅನುಕೂಲವೂ ಉಂಟು. ಬಯಲಿನಲ್ಲಿ ನಿಂತರೆ ಚಿರತೆ ದೂರದಿಂದಲೇ ಕಾಣುತ್ತದೆ. ರಾತ್ರಿ ಮನುಷ್ಯರ ಮನೆಗಳ ಹತ್ತಿರದ ಬಯಲಿಗೆ ಬಂದು ಮಲಗುವ ಅಭ್ಯಾಸ ಅವುಗಳಿಗಿದೆ, ಬಂಡೀಪುರದ ಅರಣ್ಯ ಇಲಾಖೆಯ ಕಟ್ಟಡಗಳ ಸುತ್ತ ಇದನ್ನು ಯಾರು ಬೇಕಾದರೂ ನೋಡಬಹುದು. ಜಿಂಕೆಗೆ ನಾವು ರಕ್ಷಣೆಯಾಗಿ ಕಾಣುತ್ತೇವೆ ಎಂಬುದು ಎಂಥ ವಿಪರ್ಯಾಸ!

ತೋಟದ ಬೇಲಿ ಈ ಕತೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಹಿಂದೆ ಅಗಳ ತೆಗೆದು, ಧರೆಯ ಮೇಲೆ ಮುಳ್ಳು ಒಡ್ಡಿ, ಗದ್ದೆಗೊಂದು ಮಾಳ ಕಟ್ಟಿ, ರಾತ್ರಿಯಿಡೀ ಡಬ್ಬ ಬಡಿದು, ಕೂ ಹಾಕಿ ಕಾಯುತ್ತಿದ್ದರು. ಈಗ ಮಾಳದಲ್ಲಿ ಮಲಗಲು ಮನೆಯಲ್ಲಿ ಹುಡುಗರಿಲ್ಲ, ಅವರು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಹಳೇ ಸೀರೆ ಸುತ್ತುವವರು ಸೀರೆ ಸುತ್ತುತ್ತಾರೆ, ಅನುಕೂಲಸ್ಥರು ಐಬೆಕ್ಸ್ ಬೇಲಿ ಹಾಕಿಸುತ್ತಾರೆ. ಸೋಲಾರ್ ಬ್ಯಾಟರಿಯಿಂದ ಮಿಡಿಯುವ ಆ ತಂತಿ ಮುಟ್ಟಿದ ಪ್ರಾಣಿಗೆ ಪೆಟ್ಟು ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಪೆಟ್ಟು ತಿಂದ ಕಡವೆ ಉಪವಾಸ ಮಲಗುವುದೂ ಇಲ್ಲ, ಪಕ್ಕದ ಬಡವನ ಗದ್ದೆಗೆ ಹೋಗುತ್ತದೆ. ಅವನೂ ಸಾಲ ಮಾಡಿ ಬೇಲಿ ಹಾಕಿದ ದಿನ ಅದು ಬೇಲಿ ಹಿಡಿದುಕೊಂಡೇ ನಡೆದು ಟಾರಿಗೆ ಇಳಿಯುತ್ತದೆ. ಊರಿಗೂರೇ ತಂತಿ ಸುತ್ತಿಕೊಂಡ ಮೇಲೆ ಬೇಲಿಯಿಲ್ಲದೆ ಉಳಿಯುವ ನೆಲ ರಸ್ತೆಯೊಂದೇ. ಬೆಳೆ ಹಾನಿಯನ್ನು ಒಂದು ಇಲಾಖೆ, ಅಪಘಾತವನ್ನು ಇನ್ನೊಂದು ಇಲಾಖೆ ನೋಡಿಕೊಳ್ಳುವುದರಿಂದ ಎರಡೂ ಒಂದೇ ಪ್ರಾಣಿಯ ಒಂದೇ ರಾತ್ರಿಯ ನಡಿಗೆ ಎಂಬುದು ಯಾವ ಕಡತಕ್ಕೂ ಗೊತ್ತಾಗುವುದಿಲ್ಲ.

ಕರೆಂಟ್ ಲೈನಿನಿಂದ ನೇರವಾಗಿ ತಂತಿಗೆ ವಿದ್ಯುತ್ ಕೊಡುವವರ ವಿಷಯ ಬೇರೆ. ಅದು ಬೇಲಿಯಲ್ಲ, ಬಲೆ. ಅದರಲ್ಲಿ ಕಡವೆಯೂ ಸಾಯುತ್ತದೆ, ಬೆಳಿಗ್ಗೆ ನೀರು ಬಿಡಲು ಹೋದ ಪಕ್ಕದ ಮನೆಯವನೂ ಸಾಯುತ್ತಾನೆ.

ರೈತನ ಸಿಟ್ಟಿಗೆ ಕಾರಣವಿಲ್ಲವೆಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಹಾಲುಗಾಳು ಕಟ್ಟಿದ ಭತ್ತಕ್ಕೆ ಒಂದು ರಾತ್ರಿ ಕಡವೆ ಬಿದ್ದರೆ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ನೆಟ್ಟ ಅಡಿಕೆ ಸಸಿಯ ಸುಳಿ ಹೋಯಿತೆಂದರೆ ವರ್ಷಗಳ ಕೆಲಸ ಹೋದಂತೆ. ಎಷ್ಟೋ ಊರುಗಳಲ್ಲಿ ಕಾಡಂಚಿನ ಗದ್ದೆಯನ್ನು ಹಡ್ಲು ಬಿಟ್ಟಿದ್ದಾರೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇರುವ ಮನೆಗಳು ಇನ್ನೂ ಇವೆ. ಅದು ಬಾಗಿಲ ಸಂದಿಯಲ್ಲಿರುತ್ತದೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಡವೆಗೆ ಗುಂಡು ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಕಡವೆಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಪಾಯದ ಅಂಚಿನ ಪಟ್ಟಿಗೆ ಸೇರಿಸಿದೆ. ತನ್ನ ಗದ್ದೆಯಲ್ಲಿ ನಾಲ್ಕು ಕಂಡ ರೈತನಿಗೆ ಈ ಪಟ್ಟಿ ತಮಾಷೆಯಾಗಿ ತೋರುತ್ತದೆ, ಆದರೆ ಏಷ್ಯಾದುದ್ದಕ್ಕೂ ಅದು ಕಡಿಮೆಯಾಗುತ್ತಿದೆ. ಎರಡೂ ಒಟ್ಟೊಟ್ಟಿಗೆ ನಿಜ.

ಇಲ್ಲಿ ಶಿವಪ್ಪನಾಯಕನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಂದಾಯ ಗೊತ್ತು ಮಾಡಲು ಹದಿನೇಳನೇ ಶತಮಾನದ ಈ ಕೆಳದಿ ಅರಸ ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲವನ್ನು ಹನ್ನೆರಡು ವರ್ಷ ತನ್ನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿದನಂತೆ. ಅದೇ ಹೆಸರಾಂತ ‘ಶಿಸ್ತು’. ಸುಮಾರು ನಾಲ್ಕು ಶತಮಾನದ ಹಿಂದೆ ಒಂದು ಸೇರು ಬೀಜದ ಲೆಕ್ಕ ಇಟ್ಟ ಸೀಮೆ ಇದು. ಈಗ ಬೆಳೆ ಹಾನಿಗೆ ಇ-ಪರಿಹಾರ ಎಂಬ ತಂತ್ರಾಂಶವಿದೆ, ಅರ್ಜಿ, ಫೋಟೊ, ಪಹಣಿ ಎಲ್ಲ ಬೇಕು. ಬೇಸತ್ತ ರೈತ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಇಲ್ಲವೆಂದರೆ ಹಾನಿ ಇಲ್ಲ, ಹಾನಿ ಇಲ್ಲವೆಂದರೆ ಸಮಸ್ಯೆಯೂ ಇಲ್ಲ.

ರಸ್ತೆಯ ಸಾವಿನ ಲೆಕ್ಕವಂತೂ ಇನ್ನೂ ಕಡೆ. ರಾತ್ರಿ ಬಿದ್ದ ಕಡವೆ ಬೆಳಗಾಗುವುದರೊಳಗೆ ಅಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಯಿತೆಂದು ಊರಿನಲ್ಲಿ ಯಾರೂ ಕೇಳುವುದಿಲ್ಲ, ಒಗ್ಗರಣೆಯ ವಾಸನೆಗೆ ಸಾಕ್ಷಿ ಹೇಳುವವರು ಯಾರು? ಕಾನೂನಿನ ಪ್ರಕಾರ ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಸಿಕ್ಕವರು 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಆದರೆ ಗುದ್ದಿದವನು ‘ಕೇಸಾಗುತ್ತೆ’ ಎಂದು ಹೆದರಿ, ಒಡೆದ ಬಂಪರನ್ನು ಎತ್ತಿ ಡಿಕ್ಕಿಗೆ ಹಾಕಿಕೊಂಡು ಹೊರಟುಬಿಡುತ್ತಾನೆ. ಸ್ವೀಡನ್ನಿನಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗೆ ಗುದ್ದಿದ ಚಾಲಕ ಪೊಲೀಸರಿಗೆ ಫೋನು ಮಾಡಿ, ಜಾಗಕ್ಕೆ ಗುರುತಿನ ಪಟ್ಟಿ ಕಟ್ಟಿ ಹೋಗುವುದು ಕಡ್ಡಾಯ. ಹೇಳಿದವನಿಗೆ ಶಿಕ್ಷೆಯಿಲ್ಲ, ಹೇಳದವನಿಗೆ ಉಂಟು. ನಮ್ಮಲ್ಲಿ ಜನ ಇದನ್ನು ತಿರುವುಮುರುವಾಗಿ ತಿಳಿದುಕೊಂಡಿದ್ದಾರೆ, ಆ ತಿಳಿವಳಿಕೆ ಪೂರ್ತಿ ತಪ್ಪೆಂದೂ ಹೇಳುವಂತಿಲ್ಲ.

ಮೂಸ್ ಮತ್ತು ಕಡವೆಯನ್ನು ಹೋಲಿಸಲು ಕಾರಣವಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ 1904ರಲ್ಲಿ ನಾಲ್ಕು ಮೂಸ್ ತಂದು ಬಿಟ್ಟರು. ಇವತ್ತು ಅಲ್ಲಿ ವರ್ಷಕ್ಕೆ ಆರೇಳು ನೂರು ವಾಹನಗಳು ಮೂಸ್‌ಗೆ ಗುದ್ದುತ್ತವೆ. ಉದ್ದ ಕಾಲಿನ ಆ ಪ್ರಾಣಿಯ ಕಾಲಿಗೆ ಕಾರು ಬಡಿದರೆ ಮೈ ಬಂದು ಬೀಳುವುದು ಮುಂದಿನ ಗಾಜಿನ ಮೇಲೆ. ನಮ್ಮ ಬಲಿತ ಗಂಡು ಕಡವೆ ಮೂಸ್‌ನಷ್ಟು ದೊಡ್ಡದಲ್ಲದಿದ್ದರೂ ಇನ್ನೂರೈವತ್ತು ಕಿಲೋ ಮೀರುವುದುಂಟು. ಬೈಕಿನಲ್ಲಿ ಬರುವವನಿಗೆ ಅದು ಗೋಡೆಯೇ ಸರಿ.

ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದದ್ದು ಕಾಲಿಗೆ ಇಳಿದು ಬ್ರೇಕು ಒತ್ತುವುದರೊಳಗೆ ಮೂವತ್ತು ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಒಟ್ಟು ಎಪ್ಪತ್ತು ಮೀಟರ್ ಬೇಕು, ಮಲೆನಾಡಿನ ಮಳೆಯಲ್ಲಿ ತೊಂಬತ್ತು ದಾಟೀತು. ಡಿಮ್ ಲೈಟಿನಲ್ಲಿ ಕಾಣುವುದೇ ಐವತ್ತು ಮೀಟರಿನ ಆಸುಪಾಸು. ವೇಗ 40ಕ್ಕೆ ಇಳಿದರೆ ಇಪ್ಪತ್ತೈದು ಮೂವತ್ತು ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಕತ್ತಲಿಗೆಂದು ಹಿಗ್ಗಿದ ಕಡವೆಯ ಕಣ್ಣಿಗೆ ಹೆಡ್‌ಲೈಟು ಬಡಿದರೆ ಅದು ಓಡುವುದಿಲ್ಲ, ನಿಂತುಬಿಡುತ್ತದೆ. ಸಾರಗವಾದರೆ ಒಂದು ದಾಟಿತೆಂದು ಆಕ್ಸಿಲರೇಟರ್ ಒತ್ತುವ ಹೊತ್ತಿಗೆ ಹಿಂದಿನಿಂದ ಎರಡು ಜಿಗಿಯುತ್ತವೆ. ರಾತ್ರಿ ಬಸ್ಸಿನ ಅನುಭವಿ ಚಾಲಕರಿಗೆ ಇದೆಲ್ಲ ಗೊತ್ತು, ಗೊತ್ತಿಲ್ಲದಿರುವುದು ವಾರಾಂತ್ಯಕ್ಕೆ ಜೋಗ ನೋಡಲು ಹೊರಟವರಿಗೆ.

ಹಾಗಾದರೆ ಬಂಡೀಪುರದಂತೆ ರಾತ್ರಿ ರಸ್ತೆ ಮುಚ್ಚಬೇಕೇ? ಅಲ್ಲಿ 2009ರಲ್ಲಿ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಬಂಡೀಪುರಕ್ಕೆ ಅದು ಸರಿಯಾದ ತೀರ್ಮಾನ. ಹುಲಿ ಕಾಡಿನ ನಡುವೆ ಹಾದ ಅಂತರರಾಜ್ಯ ರಸ್ತೆ ಅದು. ಇಲ್ಲಿ ಹಾಗಲ್ಲ. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಆಸ್ಪತ್ರೆ, ಹೊಸನಗರದವರಿಗೆ ಎಲ್ಲಿಗೆ ಹೋಗುವುದಾದರೂ ಕಾಡು ದಾಟಲೇಬೇಕು. ರಸ್ತೆ ಬದಿಯಲ್ಲೇ ಊರು, ಊರಿನ ಬೆನ್ನಿಗೇ ಕಾನು. ಲಾಂಚಿನ ಗೇಟು ತೆಗೆದ ಮರುವರ್ಷವೇ ಇನ್ನೊಂದು ಗೇಟು ಹಾಕಿ ಎಂದರೆ ಜನ ಅರಣ್ಯ ಇಲಾಖೆಯ ಮೇಲಿನ ಸಿಟ್ಟನ್ನು ಕಡವೆಯ ಮೇಲೆ ತೀರಿಸಿಕೊಳ್ಳುತ್ತಾರೆ.

ಉತ್ತರ ಬೇರೆ ಕಡೆ ಇದೆ. ಮಧ್ಯಪ್ರದೇಶದ ಸಿವನಿಯಿಂದ ಮಹಾರಾಷ್ಟ್ರದ ನಾಗಪುರಕ್ಕೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಪೆಂಚ್ ಹುಲಿ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಕೋರ್ಟು ಕಚೇರಿಯ ಜಗಳವೆಲ್ಲ ಆದ ಮೇಲೆ ಅಲ್ಲಿ ರಸ್ತೆಯ ಅಡಿಯಲ್ಲಿ ಪ್ರಾಣಿಗಳು ದಾಟಲು ಒಂಬತ್ತು ಕಡೆ ಜಾಗ ಬಿಟ್ಟರು. ಅವುಗಳಲ್ಲಿ ನಾಲ್ಕು ಸಾಧಾರಣ ಕಿರುಸೇತುವೆಗಳು. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದರೆ ಹತ್ತು ತಿಂಗಳಲ್ಲಿ 18 ಬಗೆಯ ಕಾಡುಪ್ರಾಣಿಗಳ 5,450 ಚಿತ್ರ ಸಿಕ್ಕವು. ಹುಲಿಯ ಚಿತ್ರ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಹೆಚ್ಚು ಓಡಾಡಿದವುಗಳ ಸಾಲಿನಲ್ಲಿದ್ದದ್ದು ಮಾತ್ರ ನಮ್ಮ ಚುಕ್ಕೆಯ ಸಾರಗ. ಕೆನಡಾದ ಬಾನ್ಫ್ ಉದ್ಯಾನದಲ್ಲಿ ಬೇಲಿ, ಮೇಲ್ಸೇತುವೆ, ಕೆಳಸೇತುವೆ ಮೂರನ್ನೂ ಜೋಡಿಸಿದ ಮೇಲೆ ಪ್ರಾಣಿಗಳಿಗೆ ವಾಹನ ಗುದ್ದುವುದು ಶೇ 80ಕ್ಕಿಂತ ಹೆಚ್ಚು ಇಳಿಯಿತು.

ಅಂಥ ದೊಡ್ಡ ಕಟ್ಟಡಗಳಿಗೆ ಇಲ್ಲಿ ಹಣ ಎಲ್ಲಿದೆ ಎಂದು ಇಂಜಿನಿಯರುಗಳು ಕೇಳುವುದು ಸಹಜ. ಮಲೆನಾಡಿಗೆ ಅಷ್ಟು ಬೇಡವೂ ಬೇಡ. ಆಗುಂಬೆ, ಹುಲಿಕಲ್‌ಗಳ ಮಳೆ ಬೀಳುವ ಸೀಮೆಯಲ್ಲಿ ರಸ್ತೆ ಮಾಡುವವನು ಮೊದಲು ಕೇಳುವ ಪ್ರಶ್ನೆ, ನೀರು ಎಲ್ಲಿ ಹಾಯುತ್ತದೆ ಎಂಬುದು. ಹೆಜ್ಜೆಹೆಜ್ಜೆಗೂ ಮೋರಿ. ನೀರಿಗೆ ದಾರಿ ಬಿಡದಿದ್ದರೆ ಒಂದೇ ಮಳೆಗಾಲಕ್ಕೆ ರಸ್ತೆ ಕೊಚ್ಚಿಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಕಡವೆ ಹಾಯುವುದೂ ಬಹುಪಾಲು ಅದೇ ಹಳ್ಳದ ದಾರಿಯಲ್ಲಿ. ಆಯ್ದ ಜಾಗಗಳಲ್ಲಿ ಹ್ಯೂಮ್ ಪೈಪಿನ ಬದಲು ಕೊಂಬಿನ ಕಡವೆ ತಲೆ ತಗ್ಗಿಸದೆ ಹಾಯುವಷ್ಟು ಎತ್ತರದ ಬಾಕ್ಸ್ ಮೋರಿ, ಆಚೆ ಬದಿಯ ಬೆಳಕು ಕಾಣುವಷ್ಟು ಅಗಲ, ಮಳೆಗಾಲದಲ್ಲೂ ಒಣಗಿರುವಂತೆ ಒಳಗೊಂದು ಎತ್ತರದ ದಂಡೆ, ಎರಡೂ ಬದಿಗೆ ಪ್ರಾಣಿಯನ್ನು ಮೋರಿಯತ್ತ ತಿರುಗಿಸುವ ಒಂದಿಷ್ಟು ಬೇಲಿ. ಡೆಹ್ರಾಡೂನಿನ ಅದೇ ಸಂಸ್ಥೆ 2016ರಲ್ಲೇ ಇಂಥವುಗಳಿಗೆ ಮಾರ್ಗಸೂಚಿ ಬರೆದುಕೊಟ್ಟಿದೆ. ರಸ್ತೆ ಅಗೆದಿರುವಾಗಲೇ ಎಸ್ಟಿಮೇಟಿಗೆ ಸೇರಿಸಿದರೆ ಖರ್ಚು ಕಡಿಮೆ, ಟಾರು ಬಿದ್ದ ಮೇಲೆ ಮತ್ತೆ ಒಡೆಯಬೇಕಾಗುತ್ತದೆ.

ಎಲ್ಲಿ ಹಾಕಬೇಕೆಂದು ತಿಳಿಯಲು ಪರದೇಶದ ಸಲಹೆಗಾರ ಬೇಕಿಲ್ಲ. ಗಾಜನೂರಿನಿಂದ ಮಂಡಗದ್ದೆಯವರೆಗೆ ಹೆದ್ದಾರಿಯ ಒಂದು ಬದಿಗೆ ಶೆಟ್ಟಿಹಳ್ಳಿಯ ಕಾಡು, ಇನ್ನೊಂದು ಬದಿಗೆ ತುಂಗೆ. ಬೇಸಿಗೆಯಲ್ಲಿ ಕಾಡಿನ ಹಳ್ಳ ಬತ್ತಿದಾಗ ನೀರಿಗೆ ಬರುವ ಪ್ರಾಣಿ ಎಲ್ಲಿ ದಾಟಬೇಕು ಎಂಬುದು ಭೂಪಟ ನೋಡಿದವರಿಗೂ ಹೊಳೆಯುತ್ತದೆ. ಉಳಿದದ್ದನ್ನು ಆ ದಾರಿಯ ಬಸ್ ಚಾಲಕರನ್ನೋ ಫಾರೆಸ್ಟ್ ಗಾರ್ಡನ್ನೋ ಕೇಳಿದರೆ ತಿರುವಿನ ಹೆಸರು ಸಮೇತ ಹೇಳುತ್ತಾರೆ.

ಈಗ ಆಗುತ್ತಿರುವುದು ಇದಕ್ಕೆ ವಿರುದ್ಧ. ಗುಡ್ಡ ಕಡಿದು ಆಳೆತ್ತರದ, ಕೆಲವೆಡೆ ಮನೆಯೆತ್ತರದ ಧರೆ ನಿಲ್ಲಿಸುತ್ತಾರೆ, ಕಣಿವೆಯ ಬದಿಗೆ ಕಾಂಕ್ರೀಟ್ ತಡೆಗೋಡೆ ಕಟ್ಟುತ್ತಾರೆ. ಎಲ್ಲೋ ಒಂದು ಸಂದಿನಲ್ಲಿ ರಸ್ತೆಗಿಳಿದ ಕಡವೆಗೆ ಆಚೆ ಧರೆ ಹತ್ತಲಾಗುವುದಿಲ್ಲ, ಈಚೆ ಗೋಡೆ ಹಾರಲು ಮರಿಗೆ ಆಗುವುದಿಲ್ಲ. ಅದು ಗಾಡಿಯ ಮುಂದೆ ರಸ್ತೆಯುದ್ದಕ್ಕೂ ಓಡುತ್ತದೆ. ಹಿಂದಿನ ಸೀಟಿನಿಂದ ಯಾರೋ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ.

ಬ್ಯಾಣಗಳನ್ನು ಮತ್ತೆ ಹುಲ್ಲಾಗಿಸುವ ಕೆಲಸ ಇದಕ್ಕಿಂತ ನಿಧಾನದ್ದು. ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ನೆಡದೆ ಅಷ್ಟಿಷ್ಟು ಹುಲ್ಲಿಗೂ ಕಾಡುಹಣ್ಣಿನ ಮರಗಳಿಗೂ ಬಿಟ್ಟರೆ ಗದ್ದೆಯ ಮೇಲಿನ ಒತ್ತಡ ಕೆಲವು ವರ್ಷಗಳಲ್ಲಿ ತಗ್ಗಬಹುದು. ಐಬೆಕ್ಸ್‌ಗೆ ಒಬ್ಬೊಬ್ಬ ರೈತನಿಗೆ ಬಿಡಿಬಿಡಿಯಾಗಿ ಸಹಾಯಧನ ಕೊಡುವ ಬದಲು ಊರಿಗೊಂದು ಬೇಲಿ ಎಂದು ಯೋಚಿಸಿ, ಪ್ರಾಣಿ ಹಾಯುವ ಓಣಿಯನ್ನು ಬೇಲಿಯ ಹೊರಗೆ ಬಿಟ್ಟು, ಆ ಓಣಿಯ ತುದಿಗೇ ಎತ್ತರದ ಮೋರಿ ಬರುವಂತೆ ಮಾಡಬೇಕು. ಅದಕ್ಕೆ ಅರಣ್ಯ, ಲೋಕೋಪಯೋಗಿ, ಕೃಷಿ ಇಲಾಖೆಯ ಮೂವರು ಒಂದೇ ಜೀಪಿನಲ್ಲಿ ಕೂತು ಒಂದು ಸಂಜೆ ತಿರುಗಬೇಕಾಗುತ್ತದೆ. ಮೂರು ಜೀಪಾದರೂ ಚಿಂತೆಯಿಲ್ಲ, ಸಂಜೆ ಒಂದೇ ಆಗಿರಲಿ.

ಮಳೆಗಾಲ ಮುಗಿದ ಮೇಲೆ ಗ್ಯಾಂಗಿನವರು ಹೂಳು ತೆಗೆಯಲು ಮೋರಿಗಳಿಗೆ ಇಳಿಯುತ್ತಾರೆ. ಸ್ವಲ್ಪ ಎತ್ತರವಿರುವ ಹಳೆಯ ಕಲ್ಲು ಮೋರಿಗಳ ಕೆಸರಿನಲ್ಲಿ ಗುದ್ದಲಿ ಹಾಕುವ ಮುನ್ನ ಒಮ್ಮೆ ಬಗ್ಗಿ ನೋಡಿದರೆ ಸಾಕು. ಸೀಳಿದ ಗೊರಸಿನ ಗುರುತು ಎಲ್ಲೆಲ್ಲಿ ಈ ಬದಿಯಿಂದ ಆ ಬದಿಗೆ ಹೋಗಿದೆಯೋ ಆ ಮೋರಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು.